ಸರ್ವರ್ ಚೆನ್ನಾಗೇ ಓಡ್ತಾ ಇದೆ, ಮತ್ಯಾಕೆ ಬದಲಾಯಿಸ್ಬೇಕು?

ಈ ತಿಂಗಳು ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು, ಹಳೇ ಸರ್ವರ್ (ಆಫೀಸಿನ ಎಲ್ಲಾ ಕಂಪ್ಯೂಟರ್‌ಗಳ ಡೇಟಾ ಇಟ್ಕೊಂಡಿರೋ ಮುಖ್ಯ ಮೆಷಿನ್), ಹಳೇ ವಿಂಡೋಸ್, ಸಪೋರ್ಟ್ ಮುಗೀತು ಅಂತ ಹೆದರಿಸೋರು. ಹಾಗಾಗಿ ಮೊಬೈಲ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ತಳ್ಳಿದ್ದೀನಿ, ಬೈಕೋಬೇಡಿ.

ಪ್ರಶ್ನೆ: ಸರ್, ನಮ್ದು ಕುಶಾಲನಗರ ಹತ್ರ ಕಾಫಿ, ಮೆಣಸು ಖರೀದಿ ವ್ಯಾಪಾರ, ಜೊತೆಗೊಂದು ಸಣ್ಣ ಹಲ್ಲಿಂಗ್ ಮಿಲ್. ಆಫೀಸಲ್ಲಿ ಒಂದು ಸರ್ವರ್, ಒಂಬತ್ತು ಕಂಪ್ಯೂಟರ್, ವೇಬ್ರಿಡ್ಜ್ ಹತ್ರ ಇನ್ನೊಂದು. ಸರ್ವರ್ 2017ರಲ್ಲಿ ತಗೊಂಡಿದ್ದು, ವಿಂಡೋಸ್ ಸರ್ವರ್ 2016. ಟ್ಯಾಲಿ ಡೇಟಾ ಅದರಲ್ಲೇ, ಬೆಳೆಗಾರರ ಲೆಕ್ಕದ ಸಾಫ್ಟ್‌ವೇರೂ ಅದರಲ್ಲೇ, ಅದಕ್ಕೆ ಹಿಂದೆ ಎಸ್‌ಕ್ಯೂಎಲ್ ಸರ್ವರ್ 2016 ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್ ಇದೆಯಂತೆ. ಮೊನ್ನೆ ಸರ್ವೀಸ್ ಹುಡುಗ ಬಂದವನು ಸಪೋರ್ಟ್ ಮುಗೀತಾ ಇದೆ, ಹೊಸದು ಹಾಕ್ಸಿ ಅಂದ. ಇಷ್ಟು ವರ್ಷದಲ್ಲಿ ಒಂದು ದಿನ ಕೈ ಕೊಟ್ಟಿಲ್ಲ ಇದು. ನಿಜವಾಗ್ಲೂ ನಿಂತು ಹೋಗುತ್ತಾ, ಇಲ್ಲ ಮಾಲು ಮಾರೋಕೆ ಹೇಳ್ತಾ ಇದ್ದಾನಾ?

ಉತ್ತರ: ಎರಡೂ ಇರಬಹುದು, ಮಾಲೂ ಮಾರ್ಬೇಕು ಅವನಿಗೆ, ಹೇಳಿದ್ದೂ ನಿಜ. ಆದ್ರೆ ನಿಂತು ಹೋಗಲ್ಲ. ವಿಂಡೋಸ್ ಸರ್ವರ್ 2016ಕ್ಕೆ ಸಪೋರ್ಟ್ ಮುಗಿಯೋದು 2027 ಜನವರಿ 12ಕ್ಕೆ, ಜನವರಿ 13ರ ಬೆಳಿಗ್ಗೆ ನೀವು ಬಂದು ಸ್ವಿಚ್ ಹಾಕಿದ್ರೆ ಎಂದಿನ ಹಾಗೇ ಆನ್ ಆಗುತ್ತೆ, ಟ್ಯಾಲಿನೂ ಓಪನ್ ಆಗುತ್ತೆ, ಏನೂ ಬದಲಾಗಿರಲ್ಲ. ಅಲ್ಲೇ ಜನ ಮೋಸ ಹೋಗೋದು. ನಿಲ್ಲೋದು ಸರ್ವರ್ ಅಲ್ಲ, ಪ್ರತಿ ತಿಂಗಳು ಬರ್ತಿದ್ದ ಸೆಕ್ಯುರಿಟಿ ಪ್ಯಾಚ್. ಅದಾದ ಮೇಲೆ ಯಾರಾದ್ರೂ ಹೊಸ ತೂತು ಕಂಡುಹಿಡಿದ್ರೆ ಅದನ್ನ ಮುಚ್ಚೋರಿಲ್ಲ. 2017ರಲ್ಲಿ ಫೈಲ್ ಲಾಕ್ ಮಾಡಿ ದುಡ್ಡು ಕೇಳಿದ ವಾನ್ನಾಕ್ರೈ ವೈರಸ್ ನೆನಪಿದ್ಯಾ, ಅದಕ್ಕೆ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು, ವೈರಸ್ ಹರಡಿದ್ದು ಮೇ 12ಕ್ಕೆ. ಸಪೋರ್ಟ್ ಇದ್ದು ಪ್ಯಾಚ್ ಹಾಕ್ಕೊಂಡೋರು ಬಚಾವ್. ಸಪೋರ್ಟ್ ಮುಗಿದಿದ್ದ ಸರ್ವರ್ 2003 ಇಟ್ಕೊಂಡೋರಿಗೆ ಎಲ್ಲಾ ಹರಡಿದ ಮೇಲೆ ಮೈಕ್ರೋಸಾಫ್ಟ್ ಮನಸ್ಸು ಮಾಡಿ ಒಂದು ಪ್ಯಾಚ್ ಬಿಟ್ತು. ಪ್ರತಿ ಸಲ ಹಾಗೆ ಮನಸ್ಸು ಮಾಡ್ತಾರೆ ಅಂತ ನಂಬ್ಕೊಂಡು ವ್ಯಾಪಾರ ಮಾಡೋಕಾಗಲ್ಲ.

ಇನ್ನು ನಿಮ್ಮ ಎಸ್‌ಕ್ಯೂಎಲ್ ಸರ್ವರ್ 2016 ಇದೆಯಲ್ಲ, ಅದರದ್ದು ಇನ್ನೂ ಮುಂಚೆ, 2026 ಜುಲೈ 14. ಸರ್ವೀಸ್ ಹುಡುಗ ಇದನ್ನ ಹೇಳಿದ್ನೋ ಇಲ್ವೋ. ಜನ ವಿಂಡೋಸ್ ಒಂದೇ ನೋಡ್ತಾರೆ, ಅದರ ಮೇಲೆ ಕೂತಿರೋದಕ್ಕೂ ಬೇರೆ ಬೇರೆ ತಾರೀಕು ಇರುತ್ತೆ ಅನ್ನೋದು ಮರೆತೇ ಬಿಡ್ತಾರೆ.

ಈಗ ನಾನು ಹೇಳ್ಬೇಕು ಅಂತಿರೋ ಮುಖ್ಯ ಮಾತು. ಆ ಜನವರಿ 12 ಯಾವಾಗ ಬರುತ್ತೆ ನೋಡಿ. ಅರೇಬಿಕಾ ಮುಗೀತಾ ಬಂದು ರೋಬಸ್ಟಾ ಕುಯ್ಲು ಶುರುವಾಗೋ ಹೊತ್ತು, ಕಣದಲ್ಲೆಲ್ಲ ಕಾಫಿ ಹರವಿರುತ್ತೆ, ನಿಮ್ಮ ವೇಬ್ರಿಡ್ಜ್ ಮುಂದೆ ಪಿಕಪ್ ಕ್ಯೂ ನಿಂತಿರುತ್ತೆ, ತೋಟದ ರೈಟರ್‌ಗಳು ಔಟ್‌ಟರ್ನ್ (ಒಣ ಕಾಫಿಯ ಸಿಪ್ಪೆ ತೆಗೆದ ಮೇಲೆ ಸಿಗೋ ಬೇಳೆ) ಎಷ್ಟು ಬಂತು ಅಂತ ದಿನಕ್ಕೆ ಹತ್ತು ಸಲ ಫೋನ್ ಮಾಡ್ತಿರ್ತಾರೆ. ಆವಾಗ ಸರ್ವರ್ ಬಿಚ್ಚೋಕಾಗುತ್ತಾ? ಅಮೆರಿಕದಲ್ಲಿ ಕೂತು ತಾರೀಕು ಬರೆದೋರಿಗೆ ನಮ್ಮ ಕುಯ್ಲು ಗೊತ್ತಿಲ್ಲ. ಅದಕ್ಕೇ ಆ ತಾರೀಕು ನಿಮ್ಮ ಡೆಡ್‌ಲೈನ್ ಅಲ್ಲ, ನಿಮ್ಮ ಡೆಡ್‌ಲೈನ್ ಅಕ್ಟೋಬರ್. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣಾಗೋ ಮುಂಚೆ ಹೊಸ ಸರ್ವರ್ ಮೇಲೆ ಕಡಿಮೆ ಅಂದ್ರೂ ಒಂದು ತಿಂಗಳು ಬಿಲ್ ಹಾಕಿ ಅಭ್ಯಾಸ ಆಗಿರ್ಬೇಕು.

ನನ್ನ ಕೇಳಿದ್ರೆ ಹೇಗೆ ಮಾಡ್ತೀನಿ ಅಂದ್ರೆ, ಈ ಮಳೆಗಾಲದಲ್ಲಿ ವ್ಯಾಪಾರ ಹೇಗೂ ಮಂಕು, ಆವಾಗ ಕೂತ್ಕೊಂಡು ಒಂದು ನೋಟ್‌ಬುಕ್ಕಲ್ಲಿ ಸರ್ವರ್ ಮೇಲೆ ಏನೇನು ಓಡ್ತಿದೆ ಅಂತ ಬರೀತೀನಿ. ನೋಟ್‌ಬುಕ್ಕೇ ಸಾಕು, ಎಕ್ಸೆಲ್ ಬೇಡ. ಟ್ಯಾಲಿ, ಬೆಳೆಗಾರರ ಲೆಕ್ಕ, ಸಿಸಿಟಿವಿ ಸಾಫ್ಟ್‌ವೇರ್, ಪ್ರಿಂಟರ್, ಆಂಟಿವೈರಸ್, ಸ್ಕ್ಯಾನ್ ಬಂದು ಬೀಳೋ ಫೋಲ್ಡರ್, ಯಾರೋ ಯಾವಾಗ್ಲೋ ಹಾಕಿ ಮರೆತಿರೋದು, ಎಲ್ಲಾ. ಪ್ರತಿಯೊಂದರ ಪಕ್ಕ ಅದನ್ನ ಕೊಟ್ಟೋರ ಫೋನ್ ನಂಬರ್, ಲೈಸೆನ್ಸ್ ಕೀ ಎಲ್ಲಿದೆ, ಹೊಸ ವಿಂಡೋಸ್ ಮೇಲೆ ಓಡುತ್ತಾ ಇಲ್ವಾ. ಈ ಕೊನೇ ಪ್ರಶ್ನೆಗೆ ಫೋನಲ್ಲಿ ಓಡುತ್ತೆ ಸರ್ ಅಂದ್ರೆ ನಂಬ್ಬೇಡಿ, ಮೆಸೇಜ್ ಹಾಕೋಕೆ ಹೇಳಿ.

ಎಲ್ಲಕ್ಕಿಂತ ಕಾಟ ಕೊಡೋದು ವೇಬ್ರಿಡ್ಜ್. ತೂಕದ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್ ಬರುತ್ತೆ, ಹೊಸ ಕಂಪ್ಯೂಟರಲ್ಲಿ ಆ ಪೋರ್ಟೇ ಇರಲ್ಲ, ಯುಎಸ್‌ಬಿ ಕನ್ವರ್ಟರ್ ಹಾಕಿದ್ರೆ ಪೋರ್ಟ್ ನಂಬರ್ ಬದಲಾಗಿ ಸಾಫ್ಟ್‌ವೇರ್ ತೂಕ ಓದಲ್ಲ, ತೂಕ ಓದಿಲ್ಲ ಅಂದ್ರೆ ಚೀಟಿ ಇಲ್ಲ, ಚೀಟಿ ಇಲ್ಲ ಅಂದ್ರೆ ಬೆಳೆಗಾರ ಕಾಫಿ ಇಳಿಸಲ್ಲ. ಮೊದಲು ಟೆಸ್ಟ್ ಮಾಡ್ಬೇಕಾಗಿರೋದು ಇದನ್ನ. ಆಮೇಲೆ ನಿಮ್ಮ ಜೆರಾಕ್ಸ್ ಮೆಷಿನ್. ಹಳೇ ಮೆಷಿನ್‌ಗಳು ಸ್ಕ್ಯಾನ್ ಮಾಡಿ ಸರ್ವರ್ ಫೋಲ್ಡರ್‌ಗೆ ಕಳಿಸೋಕೆ ಎಸ್‌ಎಂಬಿ ಅನ್ನೋ ಫೈಲ್ ಹಂಚೋ ವ್ಯವಸ್ಥೆಯ ಒಂದನೇ ವರ್ಷನ್ ಬಳಸ್ತವೆ, ಅದು ಸರ್ವರ್ 2016ರಲ್ಲಿ ಇದ್ದೇ ಬರ್ತಿತ್ತು, 2019ರಿಂದ ಈಚೆಗೆ ಇರಲ್ಲ. ಮೆಷಿನ್ ಕೆಡ್ತು ಅಂತ ಮೆಕ್ಯಾನಿಕ್ ಕರೆಸಿ ದುಡ್ಡು ಕೊಟ್ಟೋರನ್ನ ನೋಡಿದ್ದೀನಿ. ಕೆಟ್ಟಿರಲ್ಲ ಅದು. ಹಾಗಂತ ಹೊಸ ಸರ್ವರಲ್ಲಿ ಆ ಒಂದನೇ ವರ್ಷನ್ ಮತ್ತೆ ಆನ್ ಮಾಡಿಸ್ಬೇಡಿ, ವಾನ್ನಾಕ್ರೈ ನುಗ್ಗಿದ್ದೇ ಆ ಬಾಗಿಲಿಂದ. ಸ್ಕ್ಯಾನ್‌ನ ಇಮೇಲ್‌ಗೆ ಹೋಗೋ ಹಾಗೆ ಮಾಡಿ ಸಾಕು.

ಖರ್ಚಿನ ವಿಷಯ. ಹಳೇ ಡಬ್ಬದ ಮೇಲೇ ಹೊಸ ವಿಂಡೋಸ್ ಹಾಕ್ಬಹುದು, 2016ರ ಮೇಲಿಂದ ನೇರ 2025ಕ್ಕೂ ಹೋಗೋಕೆ ದಾರಿ ಇದೆ, ಆದ್ರೆ 2017ರ ಡಿಸ್ಕ್, 2017ರ ಪವರ್ ಸಪ್ಲೈ ಮೇಲೆ ನಾನಂತೂ ಹಾಕಲ್ಲ. ಹೊಸ ಮೆಷಿನ್ ತಗೊಂಡು ಅದರಲ್ಲಿ ಎಲ್ಲಾ ಕೂರಿಸಿ, ಹಳೇದನ್ನ ಪಕ್ಕದಲ್ಲೇ ಓಡಿಸ್ತಾ, ಎರಡರಲ್ಲೂ ಒಂದೇ ಲೆಕ್ಕ ಬರುತ್ತಾ ನೋಡಿ ಆಮೇಲೆ ಬದಲಾಯಿಸೋದು. ಸರ್ವರ್ 2022ಕ್ಕೆ 2031 ಅಕ್ಟೋಬರ್‌ವರೆಗೆ ಸಪೋರ್ಟ್, 2025ಕ್ಕೆ 2034ರವರೆಗೆ, ರೇಟ್‌ನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ ಅಂದ್ರೆ, ನಿಮ್ಮ ಸಾಫ್ಟ್‌ವೇರ್‌ನೋರೂ ಒಪ್ಪಿದ್ರೆ, 2025 ತಗೊಳ್ಳಿ. ಕೊಟೇಶನ್ ಬಂದಾಗ ಎರಡು ಕಡೆ ಕಣ್ಣಿಡಿ. ಸ್ಟ್ಯಾಂಡರ್ಡ್ ಎಡಿಶನ್ ಲೈಸೆನ್ಸ್ ಪ್ರೊಸೆಸರ್‌ನ ಕೋರ್ ಲೆಕ್ಕದಲ್ಲಿ, ಕಡಿಮೆ ಅಂದ್ರೂ 16 ಕೋರ್‌ದು ತಗೊಳ್ಳೇಬೇಕು. ಅದಲ್ಲದೆ ಸರ್ವರ್ ಬಳಸೋ ಒಬ್ಬೊಬ್ಬರಿಗೆ ಇಲ್ಲ ಒಂದೊಂದು ಕಂಪ್ಯೂಟರ್‌ಗೆ ಕ್ಯಾಲ್ ಅಂತ ಬೇರೆ ಲೈಸೆನ್ಸ್, ನಿಮ್ಮ ಹತ್ರ ಇರೋ 2016ರ ಕ್ಯಾಲ್ ಹೊಸ ಸರ್ವರ್‌ಗೆ ನಡೆಯಲ್ಲ. ಇದನ್ನ ಮೊದಲ ಕೊಟೇಶನ್‌ನಲ್ಲಿ ಹಾಕದೆ ಆಮೇಲೆ ಹೇಳೋ ಅಭ್ಯಾಸ ಕೆಲವರಿಗುಂಟು.

ಇನ್ನೊಂದು ಎಚ್ಚರ, ಎಸ್‌ಕ್ಯೂಎಲ್ 2016ರ ಬ್ಯಾಕಪ್ ಹೊಸ ವರ್ಷನ್‌ನಲ್ಲಿ ರಿಸ್ಟೋರ್ ಆಗುತ್ತೆ, ಹೊಸದರ ಬ್ಯಾಕಪ್ ಹಳೇದಕ್ಕೆ ವಾಪಸ್ ಹೋಗಲ್ಲ. ಹೊಸದರಲ್ಲಿ ನಾಲ್ಕು ದಿನ ಬಿಲ್ ಹಾಕಿ ಆಮೇಲೆ ಬೇಡ ಹಳೇದಕ್ಕೇ ಹೋಗೋಣ ಅಂದ್ರೆ ಆ ನಾಲ್ಕು ದಿನ ಕೈಯಲ್ಲಿ ಎಂಟ್ರಿ ಮಾಡ್ಬೇಕು.

ತಾರೀಕು ಕೇಳಿದ್ರೆ, 2026ರಲ್ಲಿ ಅಕ್ಟೋಬರ್ 2 ಶುಕ್ರವಾರ ಬಿದ್ದಿದೆ, ಶನಿವಾರವೂ ಬಾಗಿಲು ಹಾಕಿದ್ರೆ ಮೂರು ದಿನ ಸಿಗುತ್ತೆ, ಸೆಪ್ಟೆಂಬರ್ ಕೊನೆಗೆ ಆಡಿಟರ್ ಕಾಟವೂ ಮುಗಿದಿರುತ್ತೆ. ಏನಾದ್ರೂ ಎಡವಟ್ಟಾದ್ರೆ ಕಾವೇರಿ ಸಂಕ್ರಮಣದ ಹೊತ್ತಿಗೆ ಎರಡನೇ ಪ್ರಯತ್ನ. ಕೆಲವರು ಏಪ್ರಿಲ್, ಮೇನಲ್ಲಿ ಮಾಡೋಣ ಅಂತಾರೆ, ತಪ್ಪಲ್ಲ, ಆದ್ರೆ ನಮ್ಮಲ್ಲಿ ಆವಾಗ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು, ಡೇಟಾ ಕಾಪಿ ಆಗ್ತಿರೋ ಹೊತ್ತಿಗೆ ಕರೆಂಟ್ ಹೋಯ್ತು ಅಂದ್ರೆ ಮುಗೀತು ಕಥೆ. ಬೆಳಿಗ್ಗೆ ಆರಕ್ಕೆ ಶುರು ಮಾಡೋದಾದ್ರೆ ಮಾಡಿ, ಅದಕ್ಕೂ ಮುಂಚೆ ಯುಪಿಎಸ್ ಬ್ಯಾಟರಿ, ಅರ್ಥಿಂಗ್ ನೋಡಿಸ್ಕೊಳ್ಳಿ.

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆ. ಸರ್ವರ್ 2012 ಆರ್2 ಇದೆ. ದಿನಾ ರಾತ್ರಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಬ್ಯಾಕಪ್ ಹೋಗುತ್ತೆ, ಹಾಗಾಗಿ ನಾವು ಸೇಫ್ ತಾನೆ?

ಉತ್ತರ: ಆ ಹಾರ್ಡ್‌ಡಿಸ್ಕ್ ಈಗ ಎಲ್ಲಿದೆ? ಸರ್ವರ್ ಹಿಂದೆ ಚುಚ್ಚಿಕೊಂಡೇ ಇದೆ ಅಂತಾದ್ರೆ ಸೇಫ್ ಇಲ್ಲ.

ನಾನು ಸರ್ವೀಸ್ ನೋಡ್ತಿದ್ದ ಒಂದು ಕಡೆ ಹೀಗೇ ಆಯ್ತು. ನಿಮ್ಮದೇ ತರ 2012 ಆರ್2, ಓನರ್ ಮನೆಯಿಂದ ಕೆಲಸ ಮಾಡೋಕೆ ಅಂತ ರೌಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ (ದೂರದಿಂದ ಸರ್ವರ್ ಬಳಸೋ ದಾರಿ) ಪೋರ್ಟ್ 3389 ನೇರ ಇಂಟರ್ನೆಟ್‌ಗೆ ಬಿಟ್ಟಿದ್ರು, ಪಾಸ್‌ವರ್ಡ್ ಅಂಗಡಿ ಹೆಸರು, ಮುಂದೆ 123. ಭಾನುವಾರ ರಾತ್ರಿ ಯಾರೋ ಒಳಗೆ ಬಂದು ಎಲ್ಲಾ ಫೈಲ್ ಲಾಕ್ ಮಾಡಿ ದುಡ್ಡು ಕೇಳಿ ಒಂದು ನೋಟ್ ಇಟ್ಟು ಹೋಗಿದ್ರು, ಚುಚ್ಚಿದ್ದ ಬ್ಯಾಕಪ್ ಡಿಸ್ಕೂ ಸೇರಿ. ಎರಡು ತಿಂಗಳ ತೂಕದ ಚೀಟಿ ಹಿಡ್ಕೊಂಡು ಮೂರು ಜನ ಕೂತು ಮತ್ತೆ ಎಂಟ್ರಿ ಮಾಡಿದ್ರು. ಪೋರ್ಟ್ ಮುಚ್ಚಿ ಅಂತ ನಾನು ಬಾಯಲ್ಲಿ ಹೇಳಿದ್ದೆ, ಬರೆದು ಕೊಟ್ಟಿರ್ಲಿಲ್ಲ, ಅದು ನನ್ನ ತಪ್ಪು.

ನಿಮ್ಮ 2012 ಆರ್2ಗೆ ಸಪೋರ್ಟ್ 2023 ಅಕ್ಟೋಬರ್ 10ಕ್ಕೇ ಮುಗಿದಿದೆ. ದುಡ್ಡು ಕೊಟ್ಟು ಪ್ಯಾಚ್ ತಗೊಳ್ಳೋ ಸ್ಕೀಮ್ ಇತ್ತು, ಅದೂ 2026 ಅಕ್ಟೋಬರ್ 13ಕ್ಕೆ ಕೊನೆ. ಹಾಗಾಗಿ ಕುಶಾಲನಗರದೋರಿಗೆ ಹೇಳಿದ ಹಾಗೆ ಪ್ಲಾನ್ ಮಾಡ್ತಾ ಕೂರೋಷ್ಟು ಟೈಮ್ ನಿಮಗಿಲ್ಲ. ಇವತ್ತೇ ರೌಟರ್‌ನಲ್ಲಿ ಪೋರ್ಟ್ ಮುಚ್ಚಿಸಿ, ಸರ್ವರ್‌ನಲ್ಲಿ ಬ್ರೌಸರ್, ಇಮೇಲ್ ಓಪನ್ ಮಾಡೋದು ನಿಲ್ಸಿ. ಡಿಸ್ಕ್ ಎರಡು ತಗೊಂಡು ವಾರಕ್ಕೊಂದು ಬದಲಾಯಿಸಿ, ಒಂದು ಯಾವಾಗ್ಲೂ ಬೇರೆ ಕಟ್ಟಡದಲ್ಲಿರ್ಲಿ. ಬೇರೆ ರೂಮಲ್ಲ, ಬೇರೆ ಕಟ್ಟಡ. 2018ರ ಆಗಸ್ಟ್‌ನ ಮಳೆ, ಗುಡ್ಡ ಕುಸಿತ ನೋಡಿದೋರಿಗೆ ಯಾಕೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಮತ್ತೆ ತಿಂಗಳಿಗೊಂದ್ಸಲ ಆ ಬ್ಯಾಕಪ್ ತೆಗೆದು ಬೇರೆ ಕಂಪ್ಯೂಟರಲ್ಲಿ ಓಪನ್ ಆಗುತ್ತಾ ನೋಡಿ, ಓಪನ್ ಮಾಡಿ ನೋಡದೇ ಇರೋ ಬ್ಯಾಕಪ್‌ನ ನಾನು ಲೆಕ್ಕಕ್ಕೇ ತಗೊಳ್ಳಲ್ಲ.

ಪ್ರಶ್ನೆ: ವಿರಾಜಪೇಟೆಯಿಂದ. ಇದೆಲ್ಲಾ ರಗಳೆ ಬೇಡ, ಎಲ್ಲಾ ಕ್ಲೌಡ್‌ಗೆ ಹಾಕಿಬಿಡಿ ಅಂತಾನೆ ಬೆಂಗಳೂರಲ್ಲಿರೋ ಮಗ. ಹಾಕ್ಬಹುದಾ?

ಉತ್ತರ: ಮಗ ಹೇಳೋದು ಬೆಂಗಳೂರಿಗೆ ಸರಿ. ನಮ್ಮಲ್ಲಿ ಜುಲೈನಲ್ಲಿ ಒಂದು ಮರ ಬಿದ್ರೆ ಕರೆಂಟ್ ತಂತಿ, ಫೈಬರ್ ಎರಡೂ ಒಟ್ಟಿಗೆ ಹೋಗುತ್ತೆ, ಚೆಸ್ಕಾಂನೋರು ಪಾಪ ಮಳೇಲಿ ಕಂಬ ಹತ್ತಿ ಕರೆಂಟ್ ಕೊಟ್ರೂ ನೆಟ್ ಬರೋಕೆ ಇನ್ನೆರಡು ದಿನ. ಅಷ್ಟೂ ದಿನ ಬಿಲ್ ಹಾಕದೆ ಕೂರೋಕೆ ಆಗುತ್ತಾ? ನನ್ನ ಅಭಿಪ್ರಾಯ, ದಿನದ ಕೆಲಸ ಅಂಗಡಿಯಲ್ಲೇ ಇರೋ ಮೆಷಿನ್ ಮೇಲೆ, ಬ್ಯಾಕಪ್ ಒಂದು ಕ್ಲೌಡ್‌ಗೆ. ಮೊದಲ ಸಲ ಅಪ್‌ಲೋಡ್ ಮಾಡುವಾಗ ತಾಳ್ಮೆ ಬೇಕು, 200 ಜಿಬಿ ಇದ್ದು ನಿಮ್ಮ ಅಪ್‌ಲೋಡ್ ಸ್ಪೀಡ್ 10 ಎಂಬಿಪಿಎಸ್ ಆದ್ರೆ ನಿಲ್ಲದೆ ಹೋದ್ರೂ ಹೆಚ್ಚುಕಮ್ಮಿ 45 ಗಂಟೆ, ಆಮೇಲಿಂದ ಬದಲಾದಷ್ಟೇ ಹೋಗೋದ್ರಿಂದ ಗೊತ್ತೇ ಆಗಲ್ಲ. ಅಂದ ಹಾಗೆ ನೀವು ಪತ್ರದಲ್ಲಿ ನಾಲ್ಕೇ ಕಂಪ್ಯೂಟರ್ ಅಂತ ಬರೆದಿದ್ದೀರಿ, ಫೋಲ್ಡರ್ ಹಂಚಿಕೊಳ್ಳೋದು ಬಿಟ್ರೆ ಬೇರೆ ಏನೂ ಇಲ್ಲ. ನಿಮಗೆ ಸರ್ವರೇ ಬೇಡ. ವಿಂಡೋಸ್ 11 ಪ್ರೊ ಇರೋ ಒಂದು ಒಳ್ಳೇ ಕಂಪ್ಯೂಟರ್‌ಗೆ ಒಟ್ಟಿಗೆ 20 ಮೆಷಿನ್‌ವರೆಗೆ ಕನೆಕ್ಟ್ ಆಗಬಹುದು. ಯಾರೂ ಇದನ್ನ ಹೇಳಲ್ಲ, ಯಾಕಂದ್ರೆ ಇದ್ರಲ್ಲಿ ಮಾರ್ಜಿನ್ ಇಲ್ಲ.

ಪ್ರಶ್ನೆ: ಮಡಿಕೇರಿ ಹತ್ರ ಹೋಂಸ್ಟೇ ನಡೆಸ್ತೀನಿ. ಸರ್ವರ್ ಗಿರ್ವರ್ ಏನಿಲ್ಲ, ಒಂದು ವಿಂಡೋಸ್ 10 ಕಂಪ್ಯೂಟರ್ ಅಷ್ಟೇ. ನಮಗೇನಾದ್ರೂ ತೊಂದ್ರೆ ಇದ್ಯಾ?

ಉತ್ತರ: ಇದೆ ಅಕ್ಕ. ವಿಂಡೋಸ್ 10ದು 2025 ಅಕ್ಟೋಬರ್ 14ಕ್ಕೆ ಮುಗೀತು. ನಿಮ್ಮ ಕಂಪ್ಯೂಟರಲ್ಲಿ ಲೆಕ್ಕಕ್ಕಿಂತ ದೊಡ್ಡದು ಗೆಸ್ಟ್‌ಗಳ ಆಧಾರ್ ಸ್ಕ್ಯಾನ್, ಫಾರಿನ್‌ನೋರು ಬಂದಾಗ ಫಾರ್ಮ್ ಸಿ ತುಂಬೋಕೆ ಅಂತ ತೆಗೆದ ಪಾಸ್‌ಪೋರ್ಟ್ ಕಾಪಿ, ನಾಲ್ಕೈದು ವರ್ಷದ್ದು ಡೆಸ್ಕ್‌ಟಾಪ್ ಮೇಲೇ ಬಿದ್ದಿರುತ್ತೆ. ಅದು ಯಾರ ಕೈಗಾದ್ರೂ ಸಿಕ್ರೆ ಗೆಸ್ಟ್ ಬೈಯೋದು ನಿಮ್ಮನ್ನ. ಬೇಡದ್ದನ್ನ ಅಳಿಸಿ, ಕಂಪ್ಯೂಟರ್ ವಿಂಡೋಸ್ 11ಕ್ಕೆ ಆಗುತ್ತಾ ಚೆಕ್ ಮಾಡಿಸಿ, ಆಗಲ್ಲ ಅಂದ್ರೆ ಸೀಸನ್ ಶುರುವಾಗೋ ಮುಂಚೆ ಹೊಸದು ತಗೊಳ್ಳಿ.

ಪ್ರಶ್ನೆ: ನಮ್ಮ ಊರಿನ ಹುಡುಗ ಹೊಸ ಸರ್ವರ್ ಸಾಫ್ಟ್‌ವೇರ್‌ನ ಕ್ರ್ಯಾಕ್ ಮಾಡಿ ಹಾಕಿ ಕೊಡ್ತೀನಿ, 3,000 ಕೊಡಿ ಸಾಕು ಅಂತಾನೆ. (ಗೋಣಿಕೊಪ್ಪಲು)

ಉತ್ತರ: ಕಳ್ಳ ಬರ್ತಾನೆ ಅಂತ ಬೀಗ ಬದಲಾಯಿಸೋಕೆ ಹೊರಟೋರು ನೀವು, ಬೀಗದ ಜೊತೆ ಡೂಪ್ಲಿಕೇಟ್ ಕೀ ಯಾರ ಹತ್ರ ಇದೆ ಅಂತ ಗೊತ್ತಿಲ್ದೆ ತಗೋತೀರಾ? ಬೇಡ.

ಪ್ರಶ್ನೆ: ಎಲ್ಲಾ ಬದಲಾಯಿಸಿ ಆಯ್ತು, ಹಳೇ ಸರ್ವರ್ ಮೂಲೇಲಿ ಕೂತಿದೆ. ಗುಜರಿಗೆ ಹಾಕ್ಬಹುದಾ? (ಸುಂಟಿಕೊಪ್ಪ)

ಉತ್ತರ: ತಡೀರಿ. ಜಿಎಸ್‌ಟಿ ಕಾನೂನಿನಲ್ಲಿ ಲೆಕ್ಕ ಪತ್ರ ವಾರ್ಷಿಕ ರಿಟರ್ನ್ ಕೊಡೋ ಕಡೇ ದಿನದಿಂದ 72 ತಿಂಗಳು ಇಟ್ಕೊಂಡಿರ್ಬೇಕು, ಹಳೇ ವರ್ಷಗಳ ಡೇಟಾ ಹೊಸದರಲ್ಲಿ ನಿಜವಾಗ್ಲೂ ಓಪನ್ ಆಗಿ ಪ್ರಿಂಟ್ ಬರುತ್ತಾ ಒಂದೊಂದು ವರ್ಷದ್ದು ತೆಗೆದು ನೋಡಿ. ಅಲ್ಲಿವರೆಗೆ ಹಳೇದರ ನೆಟ್‌ವರ್ಕ್ ಕೇಬಲ್ ಕಿತ್ತು ಹಾಗೇ ಇಡಿ, ಕುಯ್ಲು ಒಂದು ಮುಗೀಲಿ. ಕೊಡುವಾಗ ಒಳಗಿರೋ ಡಿಸ್ಕ್ ಅಷ್ಟೂ ಬಿಚ್ಚಿಕೊಳ್ಳಿ, ಡಿಲೀಟ್ ಮಾಡಿದ್ದೀನಿ ಅಂತ ಸಮಾಧಾನ ಪಟ್ಕೋಬೇಡಿ, ಡ್ರಿಲ್ ಮೆಷಿನ್‌ನಲ್ಲಿ ಎರಡು ಮೂರು ತೂತು ಹಾಕ್ಸಿ. ಎಸ್‌ಎಸ್‌ಡಿ ಆದ್ರೆ ಒಳಗಿರೋ ಚಿಪ್‌ಗೇ ತಾಗ್ಬೇಕು, ಸುತ್ತಿಗೆ ಲೇಸು. ಡಿಸ್ಕ್ ಇಲ್ಲದ ಖಾಲಿ ಡಬ್ಬ ಯಾರಿಗೆ ಕೊಟ್ರೂ ಚಿಂತೆ ಇಲ್ಲ.