ಓದುಗರ ಪ್ರಶ್ನೆ, ನಮ್ಮ ಉತ್ತರ: ಅಗ್ನಿಶಾಮಕರಿಗೂ ಅವರ ಮನೆಯವರಿಗೂ ಜೊತೆಗಾರರ ಆಸರೆ

ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಸ್ಫೋಟಕಗಳನ್ನೂ ಹತ್ತಿಯನ್ನೂ ಹೊತ್ತು ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸಿಡಿದು, ಬೆಂಕಿ ಆರಿಸಲು ಹೋಗಿದ್ದ 66 ಮಂದಿ ಅಗ್ನಿಶಾಮಕರು ಪ್ರಾಣ ಕಳೆದುಕೊಂಡರು; ಸಪ್ತಾಹ ಅವರ ನೆನಪಿನದು. ಈ ವರ್ಷದ ಸಪ್ತಾಹದ ಬಳಿಕ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಮೂರಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಗುರುತು ಸಿಗಬಾರದೆಂದು ಠಾಣೆಯ ಹೆಸರನ್ನೂ ಕೆಲವು ವಿವರಗಳನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಯಜಮಾನರು ದಾವಣಗೆರೆ ಜಿಲ್ಲೆಯ ಒಂದು ಠಾಣೆಯಲ್ಲಿ ಅಗ್ನಿಶಾಮಕರು. ನಾಲ್ಕು ತಿಂಗಳ ಹಿಂದೆ ಭದ್ರಾ ನಾಲೆಗೆ ಬಿದ್ದಿದ್ದ ಒಂದು ಮಗುವಿನ ದೇಹವನ್ನು ಇವರೇ ಮೇಲೆ ತಂದರಂತೆ. ನಮ್ಮ ಮಗನದೂ ಅದೇ ವಯಸ್ಸು. ಈ ಸಂಗತಿ ನನಗೆ ತಿಳಿದದ್ದು ಪಕ್ಕದ ಕ್ವಾರ್ಟರ್ಸ್‌ನ ಅಕ್ಕನಿಂದ. ಅಂದಿನಿಂದ ಇವರಿಗೆ ಸರಿಯಾಗಿ ನಿದ್ದೆಯಿಲ್ಲ, ನಾಲೆಯ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಾರೆ, ಮಗ ನೀರಿನ ತೊಟ್ಟಿಯ ಹತ್ತಿರ ಸುಳಿದರೂ ಗದರುತ್ತಾರೆ. ಕೇಳಿದರೆ ‘ಏನಿಲ್ಲ ಬಿಡು’ ಎನ್ನುತ್ತಾರೆ. ಠಾಣೆಯ ಸ್ನೇಹಿತರ ಜೊತೆ ಮಾತ್ರ ಸ್ವಲ್ಪ ಮಾತನಾಡುತ್ತಾರೆ. ನನ್ನಿಂದ ಏನಾದರೂ ತಪ್ಪಾಗಿದೆಯೇ? ಕ್ವಾರ್ಟರ್ಸ್‌ನ ಹೆಂಗಸರು ಸೇರಿ ಏನಾದರೂ ಮಾಡಬಹುದೇ?

ಉತ್ತರ: ನಿಮ್ಮಿಂದ ಯಾವ ತಪ್ಪೂ ಆಗಿಲ್ಲ. ಈ ಕೆಲಸ ಮಾಡುವ ಅನೇಕರು ತಾವು ಕಂಡದ್ದನ್ನು ಮನೆಯೊಳಕ್ಕೆ ತರಬಾರದೆಂದು ನಿಶ್ಚಯಿಸಿಕೊಂಡಿರುತ್ತಾರೆ. ಹೇಳಿದರೆ ಆ ದೃಶ್ಯ ಹೆಂಡತಿಯ ಕಣ್ಣಿಗೂ ಅಂಟಿಕೊಂಡೀತೆಂಬ ಭಯ ಅವರದು. ನಿಮ್ಮ ಯಜಮಾನರ ಮೌನದಲ್ಲಿ ನಿಮ್ಮ ಮೇಲಿನ ಕಾಳಜಿಯೂ ಇದೆಯೆಂದೇ ನನಗೆ ತೋರುತ್ತದೆ. ಸಹೋದ್ಯೋಗಿಗಳೊಂದಿಗೆ ಅವರು ಮಾತನಾಡುತ್ತಿರುವುದು ಒಳ್ಳೆಯ ಲಕ್ಷಣ. ಅಲ್ಲಿ ನಾಲೆಯ ನೀರಿನ ಸೆಳೆತ ಎಂಥದು, ದಡದಲ್ಲಿ ಕಾಯುತ್ತಿರುವ ತಾಯಿಯ ಮುಂದೆ ಮೇಲೇರಿ ಬರುವುದು ಎಂಥದು ಎಂದು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ನಿಮ್ಮನ್ನು ಹೊರಗಿಟ್ಟಿದ್ದಾರೆಂದು ದಯವಿಟ್ಟು ನೊಂದುಕೊಳ್ಳಬೇಡಿ.

ಏನಾಯಿತೆಂದು ಮತ್ತೆ ಮತ್ತೆ ಕೇಳುವುದನ್ನು ನಿಲ್ಲಿಸಿ. ಇಬ್ಬರೇ ಇರುವಾಗ, ‘ರಾತ್ರಿ ನೀವು ಎದ್ದು ಕೂರುವುದನ್ನು ನೋಡುತ್ತಿದ್ದೇನೆ. ನಾಲೆಯ ವಿಷಯ ನನಗೆ ಗೊತ್ತಾಗಿದೆ. ವಿವರ ಹೇಳಬೇಕಾಗಿಲ್ಲ, ನಿಮ್ಮ ಜೊತೆ ನಾನಿದ್ದೇನೆ’ ಎಂದು ಒಮ್ಮೆ ಹೇಳಿ ಸುಮ್ಮನಾಗಿ. ಉತ್ತರ ಆ ದಿನವೇ ಬರಬೇಕೆಂದಿಲ್ಲ. ಮಗನಿಗೂ ಅವನ ವಯಸ್ಸಿಗೆ ತಕ್ಕಂತೆ ಸತ್ಯವನ್ನೇ ಹೇಳಿ: ಅಪ್ಪ ಕೆಲಸದಲ್ಲಿ ತುಂಬ ದುಃಖದ ಸಂಗತಿಯೊಂದನ್ನು ನೋಡಿದ್ದಾರೆ, ಅದಕ್ಕೆ ಗದರುತ್ತಾರೆ, ಅವನ ಮೇಲಿನ ಕೋಪಕ್ಕಲ್ಲ. ಏನೂ ಹೇಳದೆ ಬಿಟ್ಟರೆ ಮಕ್ಕಳು ಎಲ್ಲದಕ್ಕೂ ತಾವೇ ಕಾರಣವೆಂದು ಎಣಿಸಿಬಿಡುತ್ತಾರೆ.

ಆದರೆ ನಾಲ್ಕು ತಿಂಗಳು ಕಳೆದಿದೆ ಎಂಬ ನಿಮ್ಮ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಇಂಥ ಘಟನೆಯ ಬಳಿಕ ಕೆಲವು ದಿನ ನಿದ್ದೆ ಕೆಡುವುದು, ದೃಶ್ಯ ಕಣ್ಣ ಮುಂದೆ ಬರುವುದು ಸಹಜ, ಮತ್ತು ಹೆಚ್ಚಿನವರಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ದುಃಸ್ವಪ್ನ, ಆ ಜಾಗವನ್ನು ತಪ್ಪಿಸಿ ನಡೆಯುವುದು, ಸಣ್ಣದಕ್ಕೂ ಬೆಚ್ಚುವುದು ಅಥವಾ ಸಿಡುಕುವುದು ಮುಂದುವರಿದರೆ ಮನೋವೈದ್ಯರು ನೋಡಲೇಬೇಕು, ಏಕೆಂದರೆ ಅದು ಚಿಕಿತ್ಸೆಯಿಂದ ವಾಸಿಯಾಗುವ ಆಘಾತೋತ್ತರ ಒತ್ತಡದ ಕಾಯಿಲೆಯಾಗಿರಬಹುದು. ಆ ಘಟನೆಯ ನೆನಪನ್ನೇ ಹಂತಹಂತವಾಗಿ ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆಯಿದೆ, ಅಗತ್ಯವಿದ್ದರೆ ಔಷಧವೂ ಇದೆ. ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಕೊಡುವುದು ಮಾತ್ರ ಬೇಡ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಜಿಲ್ಲೆಗೊಂದು ಮಾನಸಿಕ ಆರೋಗ್ಯ ಸೇವೆ ಇರಬೇಕೆಂಬ ವ್ಯವಸ್ಥೆಗೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ನಮ್ಮ ಪಕ್ಕದ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ ಎಂಬುದನ್ನು ನಮ್ಮ ಭಾಗದ ಜನ ನೆನಪಿಡಬೇಕು. ಆಸ್ಪತ್ರೆಗೆ ಹೋಗಲು ಅವರು ಒಪ್ಪದಿದ್ದರೆ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಮೊದಲು ನೀವೇ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಬದುಕಿನ ಮೇಲೆ ಆಸೆಯೇ ಇಲ್ಲವೆಂಬ ಮಾತು ಅವರ ಬಾಯಿಂದ ಎಂದಾದರೂ ಬಂದರೆ ಒಬ್ಬರನ್ನೇ ಬಿಡದೆ ಆ ಕ್ಷಣವೇ 14416ಕ್ಕೆ ಅಥವಾ 112ಕ್ಕೆ ಕರೆ ಮಾಡಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಖಂಡಿತ ಮಾಡಬಹುದು, ಮತ್ತು ಅದು ನಿಮ್ಮ ಯಜಮಾನರಿಗಾಗಿ ಮಾತ್ರವಲ್ಲ, ನಿಮಗಾಗಿಯೇ ಆಗಬೇಕು. ಕ್ವಾರ್ಟರ್ಸ್‌ನಲ್ಲಿ ಗಂಟೆ ಬಾರಿಸಿದಾಗ ಅಡುಗೆಮನೆಯಲ್ಲಿ ನಿಂತವರ ಎದೆಯೂ ಹೊಡೆದುಕೊಳ್ಳುತ್ತದೆ. ದೀಪಾವಳಿಯ ರಾತ್ರಿ ಊರೆಲ್ಲ ಮನೆಯಲ್ಲಿದ್ದರೆ ನಿಮ್ಮವರು ಠಾಣೆಯಲ್ಲಿರುತ್ತಾರೆ; ಫೆಬ್ರವರಿಯಿಂದ ಮೇವರೆಗೆ ಹುಲ್ಲಿನ ಬಣವೆ, ಮೆಕ್ಕೆಜೋಳದ ರಾಶಿ, ಗುಡ್ಡದ ಕಾಡು ಎಂದು ಕರೆಗಳ ಮೇಲೆ ಕರೆ. ಸರ್ಕಾರದ ಸ್ತ್ರೀಶಕ್ತಿ ಸಂಘಗಳಲ್ಲಿ ವಾರವಾರ ಸೇರುವ ಅಭ್ಯಾಸ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ತಿಂಗಳಿಗೊಂದು ಸಂಜೆ, ಮಂಡಕ್ಕಿ ಮೆಣಸಿನಕಾಯಿ ಇಟ್ಟುಕೊಂಡು ಯಾರದಾದರೂ ಮನೆಯ ಪಡಸಾಲೆಯಲ್ಲಿ ಕೂತರೆ ಸಾಕು. ಮೊದಲ ದಿನವೇ ಮನಸ್ಸಿನ ನೋವು ಹೇಳಿಕೊಳ್ಳಿ ಎಂದರೆ ಯಾರೂ ಬಾಯಿ ತೆರೆಯುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಹೊತ್ತಿನಲ್ಲಿ ಮಕ್ಕಳನ್ನು ಶಾಲೆಯಿಂದ ಕರೆತರುವವರು ಯಾರು, ಹೆರಿಗೆಗೆ ಬಂದವರ ಜೊತೆ ಆಸ್ಪತ್ರೆಯಲ್ಲಿ ಉಳಿಯುವವರು ಯಾರು ಎಂಬಂಥ ಕೆಲಸದ ಮಾತಿನಿಂದ ಶುರುಮಾಡಿ. ಹೊಗೆ ಹಿಡಿದ ಸಮವಸ್ತ್ರವನ್ನು ಮಕ್ಕಳ ಬಟ್ಟೆಯ ಜೊತೆ ನೆನೆಸದೆ ಬೇರೆಯಾಗಿ ಒಗೆಯುವ ವಿಷಯವೂ ಅಲ್ಲಿ ಬರಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2022ರಲ್ಲಿ ಅಗ್ನಿಶಾಮಕ ವೃತ್ತಿಯಲ್ಲಿ ದೇಹಕ್ಕೆ ತಗಲುವ ಅಂಶಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಹೊಗೆಯ ಮಸಿಯನ್ನು ಬರೀ ಕೊಳೆಯೆಂದು ನೋಡುವುದು ಇನ್ನು ಸಾಧ್ಯವಿಲ್ಲ.

ಗುಂಪು ಉಳಿಯಬೇಕಾದರೆ ಎರಡು ಕಟ್ಟುಪಾಡು ಬೇಕು. ಅಧಿಕಾರಿಯ ಮನೆಯವರೂ ಚಾಲಕರ ಮನೆಯವರೂ ಅಲ್ಲಿ ಒಂದೇ ಚಾಪೆಯ ಮೇಲೆ ಕೂರಬೇಕು. ಅಲ್ಲಿ ಕೇಳಿದ ಮಾತು ಗಂಡನ ಕಿವಿಗೂ ಹೋಗಬಾರದು. ಎರಡನೆಯದು ಮುರಿದರೆ ಮರುತಿಂಗಳು ಯಾರೂ ಬರುವುದಿಲ್ಲ. ಯಾರಾದರೂ ಕರ್ತವ್ಯದಲ್ಲಿ ಗಾಯಗೊಂಡರೆ ಅಥವಾ ತೀರಿಕೊಂಡರೆ ಗುಂಪಿನ ಬೆಲೆ ಆಗ ತಿಳಿಯುತ್ತದೆ. ತಿಥಿಯವರೆಗೆ ಮನೆ ತುಂಬ ಜನ, ಆಮೇಲೆ ಪಿಂಚಣಿಯ ಕಾಗದ ಹಿಡಿದು ಖಜಾನೆ, ಬ್ಯಾಂಕು, ಇಲಾಖೆಯ ಕಚೇರಿ ಎಂದು ಅಲೆಯುವಾಗ ಒಬ್ಬಳೇ ಹೆಂಗಸು. ಅವಳ ಜೊತೆ ಹೋಗುವವರ ಹೆಸರು ಮೊದಲೇ ನಿಶ್ಚಯವಾಗಿರಲಿ. ಬ್ರಿಟನ್ನಿನಲ್ಲಿ ಯುದ್ಧಕಾಲದ ಬಾಂಬ್ ದಾಳಿಗಳ ನಂತರ, 1943ರಲ್ಲಿ, ಅಗ್ನಿಶಾಮಕರಿಗೂ ಅವರ ಅವಲಂಬಿತರಿಗೂ ನೆರವಾಗಲೆಂದು ಸ್ಥಾಪಿಸಿದ ನಿಧಿ ಇಂದಿಗೂ ದತ್ತಿ ಸಂಸ್ಥೆಯಾಗಿ ನಡೆಯುತ್ತಿದೆ. ಕುಟುಂಬವನ್ನು ಮೊದಲಿನಿಂದಲೇ ಒಳಗೆ ಸೇರಿಸಿಕೊಂಡದ್ದು ಅದರಲ್ಲಿ ನನಗೆ ಬಹಳ ಮೆಚ್ಚುಗೆಯಾದ ಅಂಶ.

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯಲ್ಲಿ ಪ್ರಮುಖ ಅಗ್ನಿಶಾಮಕ ಹುದ್ದೆಯಲ್ಲಿದ್ದೇನೆ. ಹೆದ್ದಾರಿಯ ಅಪಘಾತದ ಕರೆಗಳು ನಮಗೆ ಹೆಚ್ಚು. ಹೊಸದಾಗಿ ಸೇರಿದ ಹುಡುಗನೊಬ್ಬ ಒಂದು ಬಸ್ ಅಪಘಾತದ ನಂತರ ದಿನಾ ಕುಡಿಯತೊಡಗಿದ್ದಾನೆ. ಡಾಕ್ಟರ ಬಳಿ ಹೋದರೆ ಸರ್ವಿಸ್ ರಿಜಿಸ್ಟರ್‌ನಲ್ಲಿ ಬರೆಯುತ್ತಾರೆ ಎಂದು ಹೆದರುತ್ತಾನೆ. ನಾವೇ ಹಿರಿಯರು ಸೇರಿ ಠಾಣೆಯಲ್ಲಿ ಒಬ್ಬರಿಗೊಬ್ಬರು ಆಸರೆಯಾಗುವ ಏರ್ಪಾಡು ಮಾಡಬೇಕೆಂದಿದ್ದೇವೆ. ಹೇಗೆ ಮಾಡುವುದು?

ಉತ್ತರ: ಮೊದಲು ಆ ಹುಡುಗನ ಭಯಕ್ಕೆ ಉತ್ತರ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ಚಿಕಿತ್ಸೆಯ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳುತ್ತದೆ. ಕಾನೂನು ಗುರುತಿಸಿದ ಕೆಲವೇ ಸಂದರ್ಭಗಳ ಹೊರತು, ವೈದ್ಯರು ಅವನ ಒಪ್ಪಿಗೆಯಿಲ್ಲದೆ ವಿವರಗಳನ್ನು ಬೇರೆಯವರಿಗೆ ಕೊಡುವಂತಿಲ್ಲ. ಇದನ್ನು ಅವನಿಗೆ ತಿಳಿಸಿ. ಅದಕ್ಕಿಂತ ಹೆಚ್ಚು ಕೆಲಸ ಮಾಡುವುದು, ನಿಮ್ಮಂಥ ಹಿರಿಯರೊಬ್ಬರು ಅವನ ಜೊತೆ ಆಸ್ಪತ್ರೆಯ ಬಾಗಿಲವರೆಗೆ ಹೋಗುವುದು. ಕುಡಿತವನ್ನು ಎಲ್ಲರ ಮುಂದೆ ಎತ್ತಿ ಆಡಬೇಡಿ. ಆದರೆ ಕುಡಿದು ಕರ್ತವ್ಯಕ್ಕೆ ಬಂದರೆ ಅವನ ಪ್ರಾಣವೂ ತಂಡದ ಪ್ರಾಣವೂ ಅಪಾಯದಲ್ಲಿರುವುದರಿಂದ, ಮುಚ್ಚಿಡುವುದು ಸ್ನೇಹವಾಗುವುದಿಲ್ಲ.

ನಿಮ್ಮ ಆಲೋಚನೆಗೆ ಪೂರ್ವದೃಷ್ಟಾಂತವಿದೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್ ನಗರದ ಅಗ್ನಿಶಾಮಕ ಇಲಾಖೆ 343 ಮಂದಿಯನ್ನು ಕಳೆದುಕೊಂಡಿತು. ಆಮೇಲೆ ಅಲ್ಲಿನ ಆಪ್ತಸಮಾಲೋಚನಾ ವಿಭಾಗವು ವೃತ್ತಿಯಲ್ಲಿರುವವರನ್ನೂ ನಿವೃತ್ತರನ್ನೂ ತರಬೇತಿಗೊಳಿಸಿ ತಜ್ಞರ ಜೊತೆ ಠಾಣೆಗಳಿಗೇ ಕಳುಹಿಸಿತು. ನಿವೃತ್ತರನ್ನು ಬಳಸಿಕೊಂಡದ್ದನ್ನು ವಿಶೇಷವಾಗಿ ಗಮನಿಸಿ. ನಿಮ್ಮಲ್ಲೂ ಊರಿನಲ್ಲೇ ನೆಲೆಸಿರುವ ನಿವೃತ್ತ ಹಿರಿಯರಿದ್ದಾರೆ. ಅವರಿಗೆ ಬಡ್ತಿಯ ಹಂಗಿಲ್ಲ, ಯಾರ ವರ್ಗಾವಣೆಯೂ ಅವರ ಕೈಯಲ್ಲಿಲ್ಲ, ಆದ್ದರಿಂದ ಕಿರಿಯರು ಅವರೆದುರು ಹಗುರವಾಗಿ ಮಾತನಾಡುತ್ತಾರೆ.

ಆಸರೆಯ ಕೆಲಸಕ್ಕೆ ಯಾರನ್ನು ಆರಿಸಬೇಕೆಂದು ಠಾಣೆಯ ಎಲ್ಲರನ್ನೂ ಗುಟ್ಟಾಗಿ ಕೇಳಿ: ‘ನಿನಗೆ ಕಷ್ಟವಾದರೆ ಇಲ್ಲಿ ಯಾರ ಹತ್ತಿರ ಹೇಳಿಕೊಳ್ಳುತ್ತೀಯ?’ ಹೆಚ್ಚು ಬಾರಿ ಬಂದ ಇಬ್ಬರು ಮೂವರ ಹೆಸರೇ ಸರಿಯಾದ ಆಯ್ಕೆ, ಅವರು ಬಹಳ ಮಾತುಗಾರರಲ್ಲದಿದ್ದರೂ. ವಾರ್ಷಿಕ ವರದಿ ಬರೆಯುವ ಅಧಿಕಾರಿ ಆ ಸ್ಥಾನದಲ್ಲಿ ಇರಬಾರದು. ಹಾಗೆಂದು ಠಾಣಾಧಿಕಾರಿಯನ್ನು ಹೊರಗಿಟ್ಟು ಮಾಡುವ ಕೆಲಸವೂ ಇದಲ್ಲ. ಅವರ ಒಪ್ಪಿಗೆ ಪಡೆಯಿರಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಅವರ ಮೂಲಕವೇ ಪತ್ರ ಬರೆದು ತರಬೇತಿ ಕೇಳಿ. ಠಾಣೆ ಚಿಕ್ಕದಾಗಿದ್ದು ಗುಟ್ಟು ಉಳಿಯುವುದು ಕಷ್ಟವೆನಿಸಿದರೆ, ಹಿರಿಯೂರಿನವರಿಗೆ ಚಳ್ಳಕೆರೆಯವರು, ಚಳ್ಳಕೆರೆಯವರಿಗೆ ಹೊಳಲ್ಕೆರೆಯವರು ಎಂಬಂತೆ ಬೇರೆ ಠಾಣೆಯ ಜೊತೆಗಾರರನ್ನು ಗೊತ್ತುಮಾಡಿಕೊಳ್ಳಬಹುದು.

ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿ ಮಾನಸಿಕ ಪ್ರಥಮ ಚಿಕಿತ್ಸೆಯನ್ನು ಗಮನಿಸುವುದು, ಆಲಿಸುವುದು, ಸರಿಯಾದ ನೆರವಿಗೆ ತಲುಪಿಸುವುದು ಎಂಬ ಮೂರು ಕೆಲಸಗಳಾಗಿ ಹೇಳುತ್ತದೆ. ಜೊತೆಗಾರರ ಪಾತ್ರ ಅಲ್ಲಿಗೆ ಮುಗಿಯುತ್ತದೆ, ಅವರು ವೈದ್ಯರಲ್ಲ. ಕರೆ ಮುಗಿದ ತಕ್ಷಣ ಎಲ್ಲರನ್ನೂ ಸಾಲಾಗಿ ಕೂರಿಸಿ ಕಂಡದ್ದನ್ನೆಲ್ಲ ಹೇಳಿಸುವ ಪದ್ಧತಿಯನ್ನು ಆ ಕೈಪಿಡಿ ಒಪ್ಪುವುದಿಲ್ಲ. ಕೆಲವರಿಗೆ ಅದರಿಂದ ಹಾನಿಯೂ ಆಗಬಹುದು. ವಾಹನ ತೊಳೆದು, ಹೋಸು ಒಣಗಲು ಹಾಕಿ, ಎಲ್ಲರೂ ಚಹಾ ಕುಡಿಯುವಾಗ ಮಾತಿಲ್ಲದೆ ದೂರ ಕುಳಿತವನ ಪಕ್ಕದಲ್ಲಿ ಹೋಗಿ ಕೂರಿ. ಮರುದಿನ ಒಮ್ಮೆ, ವಾರದ ಮೇಲೆ ಒಮ್ಮೆ, ತಿಂಗಳ ಮೇಲೆ ಮತ್ತೊಮ್ಮೆ ವಿಚಾರಿಸಿ. ‘ಇದಕ್ಕೆಲ್ಲ ಅಳ್ತಾರೇನೋ’, ‘ನಾವು ಇದಕ್ಕಿಂತ ಕೆಟ್ಟದ್ದು ನೋಡಿದ್ದೇವೆ’ ಎಂಬ ಮಾತುಗಳು ಠಾಣೆಯಲ್ಲಿ ನಿಲ್ಲಬೇಕು. ಗೋಪ್ಯತೆಗೆ ಒಂದೇ ಎಲ್ಲೆಯಿದೆ: ಅವನ ಅಥವಾ ಇನ್ನೊಬ್ಬರ ಪ್ರಾಣಕ್ಕೆ ಅಪಾಯವೆಂದು ಕಂಡರೆ ಹೇಳಲೇಬೇಕಾಗುತ್ತದೆ. ಈ ಎಲ್ಲೆಯನ್ನು ಮೊದಲ ಭೇಟಿಯಲ್ಲೇ ತಿಳಿಸಿ. ಕೇಳುವವರೂ ದಣಿಯುತ್ತಾರಾದ್ದರಿಂದ ಅವರಿಗೂ ತಿಂಗಳಿಗೊಮ್ಮೆ ತಜ್ಞರೊಡನೆ ಮಾತನಾಡುವ ಅವಕಾಶವಿರಲಿ.

ಪ್ರಶ್ನೆ: ಹರಿಹರದ ನಮ್ಮ ಯುವಕ ಸಂಘದಿಂದ ಅಗ್ನಿಶಾಮಕ ಸಿಬ್ಬಂದಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ. ಅದಕ್ಕಿಂತ ಹೆಚ್ಚಾಗಿ ಊರಿನವರು ಏನು ಮಾಡಬಹುದು?

ಉತ್ತರ: ಸನ್ಮಾನ ನಡೆಯಲಿ, ಆ ದಿನ ಅವರ ಮನೆಯವರನ್ನೂ ವೇದಿಕೆಗೆ ಕರೆಯಿರಿ. ಗಣಪತಿ ವಿಸರ್ಜನೆಯ ದಿನ ತುಂಗಭದ್ರೆಯ ದಡದಲ್ಲಿ ಕಾವಲು ನಿಂತವರಿಗೆ ಊಟ, ನೀರು, ನೆರಳು ಒದಗಿಸಿ. ಮನೆಗೆ ತಾಗಿದಂತೆ ಬಣವೆ ಒಟ್ಟಬಾರದೆಂದು ನಿಮ್ಮ ಸಂಘದ ಹುಡುಗರು ಸುತ್ತಲ ಹಳ್ಳಿಗಳಲ್ಲಿ ಹೇಳಿದರೆ ಬೇಸಿಗೆಯ ಕರೆಗಳೇ ಕಡಿಮೆಯಾಗುತ್ತವೆ.

ಇವೆಲ್ಲಕ್ಕಿಂತ ಮೊದಲು ಅವಘಡದ ಸ್ಥಳದಲ್ಲಿ ಮೊಬೈಲ್ ಹಿಡಿದು ಚಿತ್ರೀಕರಿಸುವವರನ್ನು ತಡೆಯಿರಿ. ನದಿಯಿಂದ ಮೃತದೇಹ ತರುತ್ತಿರುವವನ ಮುಖ ಅರ್ಧ ಗಂಟೆಯಲ್ಲಿ ಅವನ ಹೆಂಡತಿಯ, ಮಕ್ಕಳ ಫೋನಿಗೆ ಬರುತ್ತದೆ. ತೀರಿಹೋದವರ ಮನೆಗೂ ಸುದ್ದಿ ಹಾಗೆಯೇ ತಲುಪುತ್ತದೆ. ಮುಂದಿನ ಕರೆ ಬಂದಾಗ ನಿಮ್ಮ ಸಂಘದ ಹತ್ತು ಜನ ದಡದಲ್ಲಿ ಕೈಕೈ ಹಿಡಿದು ಅಡ್ಡ ನಿಂತು ಗುಂಪನ್ನು ಹಿಂದಕ್ಕೆ ಸರಿಸಿ, ಮತ್ತು ನಿಮ್ಮ ವಾಟ್ಸ್ಆ್ಯಪ್ ಗುಂಪಿಗೆ ಅಂಥ ವಿಡಿಯೊ ಬಂದರೆ ಕಳುಹಿಸಿದವರಿಗೆ ತಿಳಿಹೇಳಿ ಅಳಿಸಿಹಾಕಿಸಿ.