ಅಮೆರಿಕದಲ್ಲಿ ಜಿಂಕೆ ಬೇಟೆಗೆ ಆಮಿಷವಾಗಿ ಕಾಳಿನ ರಾಶಿ ಸುರಿಯುವುದನ್ನು ಕೆಲವೆಡೆ ನಿಷೇಧಿಸಿ, ಮೇವಿನ ಹೊಲ ಬೆಳೆಸಲು ಬಿಡುವುದೇಕೆ?

ಮುಖ್ಯ ಕಾರಣ ರೋಗಭಯ: ಒಂದೇ ಕಡೆ ಸುರಿದ ಮೆಕ್ಕೆಜೋಳದ ರಾಶಿಗೆ ಹಲವು ಜಿಂಕೆಗಳು ಮತ್ತೆ ಮತ್ತೆ ಬಾಯಿ ಹಾಕುವುದರಿಂದ ಒಂದರ ಜೊಲ್ಲು ಇನ್ನೊಂದರ ಬಾಯಿಗೆ ಸೇರುತ್ತದೆ. ಜಿಂಕೆಗಳ ಮಿದುಳನ್ನು ಕ್ರಮೇಣ ನಾಶಮಾಡಿ ಕೊಲ್ಲುವ, ಚಿಕಿತ್ಸೆಯೇ ಇಲ್ಲದ ‘ಕ್ರಾನಿಕ್ ವೇಸ್ಟಿಂಗ್ ಡಿಸೀಸ್’ ರೋಗಕ್ಕೆ ಪ್ರಿಯಾನ್‌ಗಳೆಂಬ ವಿಕೃತ ಪ್ರೋಟೀನುಗಳು ಕಾರಣ. ಅವು ಜೊಲ್ಲು, ಮೂತ್ರ, ಹಿಕ್ಕೆಗಳ ಮೂಲಕ ಹೊರಬಿದ್ದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಕ್ಲೋವರ್ ಎಂಬ ಮೇವಿನ ಸೊಪ್ಪು ಅಥವಾ ಟರ್ನಿಪ್ ಗೆಡ್ಡೆ ಬೆಳೆದ ಹೊಲದಲ್ಲಾದರೋ ಮೇವು ವಿಶಾಲವಾಗಿ ಹರಡಿರುತ್ತದೆ. ಮಿಷಿಗನ್ ರಾಜ್ಯವು 2019ರಲ್ಲಿ ತನ್ನ ದಕ್ಷಿಣ ಭಾಗವಾದ ಕೆಳ ಪರ್ಯಾಯದ್ವೀಪದಲ್ಲಿ ರಾಶಿ ಸುರಿಯುವುದನ್ನು ನಿಷೇಧಿಸಿದಾಗಲೂ ಇಂಥ ಹೊಲಗಳಿಗೆ ಅವಕಾಶ ಉಳಿಯಿತು. ಹೊಲವು ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಎರಡೂ ಜಿಂಕೆಯನ್ನು ಬಂದೂಕಿನೆದುರು ಕರೆತರುವ ಆಮಿಷಗಳೇ ಎಂಬ, ಸ್ವಂತ ಜಮೀನಿಲ್ಲದ ಬೇಟೆಗಾರರ ಆಕ್ಷೇಪವೂ ನನ್ನ ದೃಷ್ಟಿಯಲ್ಲಿ ನ್ಯಾಯವಾದುದೇ.