ಆಸ್ಪತ್ರೆ ಬಿಲ್ ಕಟ್ಟಿದರೆ ಪರಿಹಾರ ಕೊಟ್ಟ ಹಾಗಲ್ಲ

ಪ್ರಶ್ನೆ: ನನ್ನ ಗಂಡ ಬೈತಖೋಲ ಬಂದರಿನ ಟ್ರಾಲ್ ಬೋಟೊಂದರಲ್ಲಿ ಕಲಾಸಿ (ಬೋಟಿನ ಕೆಲಸಗಾರ). ವಯಸ್ಸು 35, ತಿಂಗಳ ಸಂಬಳ 18,000 ರೂಪಾಯಿ. ಆರು ತಿಂಗಳ ಹಿಂದೆ ಬಲೆ ಎಳೆಯುವಾಗ ವಿಂಚಿಗೆ ಕೈ ಸಿಕ್ಕಿ ಬಲಗೈಯ ಎರಡು ಬೆರಳು ಹೋದವು. ಆಸ್ಪತ್ರೆ ಖರ್ಚನ್ನು ಮಾಲೀಕರೇ ಕೊಟ್ಟರು. ಆಮೇಲೆ 20,000 ಕೊಟ್ಟು, ‘ಇನ್ನೇನೂ ಕೇಳುವುದಿಲ್ಲ’ ಎಂದು ಬಾಂಡ್ ಪೇಪರಿಗೆ ಸಹಿ ಹಾಕಿಸಿಕೊಂಡರು. ‘ಅವನೇ ಹುಷಾರಾಗಿರಲಿಲ್ಲ, ನೇಮಕದ ಕಾಗದವೂ ಇಲ್ಲ’ ಎನ್ನುತ್ತಾರೆ. ಮೀನುಗಾರರ ವಿಮೆ ಬಂದರೆ ಪರಿಹಾರ ಸಿಗಲ್ಲ ಅಂತಲೂ ಬಂದರಿನಲ್ಲಿ ಹೇಳ್ತಾರೆ. ನಿಜವೇ?
– ಕಾರವಾರದ ಓದುಗರು

ಉತ್ತರ: ಇಲ್ಲಮ್ಮ, ಇದರಲ್ಲಿ ಯಾವುದೂ ನಿಜವಲ್ಲ.

ಮೊದಲು ಆಸ್ಪತ್ರೆ ಖರ್ಚು. ಕೆಲಸದಲ್ಲಿ ಪೆಟ್ಟಾದರೆ ಚಿಕಿತ್ಸೆಯ ಖರ್ಚು ಮಾಲೀಕರದ್ದೇ. ಅದನ್ನು ಪರಿಹಾರದ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು 1923ರ ನೌಕರರ ಪರಿಹಾರ ಕಾಯ್ದೆ ಸ್ಪಷ್ಟವಾಗಿ ಹೇಳುತ್ತಿತ್ತು. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹಳೆಯ ಕಾಯ್ದೆಯ ಮುಖ್ಯ ಅಂಶಗಳು ಅದರಲ್ಲೂ ಇವೆ.

ಪರಿಹಾರ ಅಂದರೆ ಬೆರಳು ಹೋದದ್ದರಿಂದ ಮುಂದೆ ಕಡಿಮೆಯಾಗುವ ದುಡಿಮೆಗೆ ಕೊಡುವ ಹಣ. ಅದಕ್ಕೆ ಲೆಕ್ಕವಿದೆ. ಸಂಬಳ ಎಷ್ಟೇ ಇರಲಿ, 2020ರಲ್ಲಿ ನಿಗದಿಯಾದ ಮಿತಿಯಂತೆ 15,000ದವರೆಗೆ ಮಾತ್ರ ಹಿಡಿಯುತ್ತಾರೆ. ಅದರ ಶೇ 60 ಅಂದರೆ 9,000. ಇದನ್ನು 35ನೇ ವಯಸ್ಸಿಗೆ ಕಾನೂನು ಗೊತ್ತುಮಾಡಿದ ಅಂಕಿ 197.06ರಿಂದ ಗುಣಿಸಬೇಕು. ಒಂದು ಕೈಯ ಎರಡು ಬೆರಳಿಗೆ ಕಾನೂನಿನ ಪಟ್ಟಿಯಲ್ಲಿ ಶೇ 20 ಎಂದಿದೆ. ಗುಣಿಸಿ ಬಂದ ಮೊತ್ತದ ಶೇ 20 ಅಂದರೆ 3,54,708 ರೂಪಾಯಿ ಆಗುತ್ತದೆ. ಅವರು ಕೊಟ್ಟ 20,000 ಎಲ್ಲಿ, ಇದೆಲ್ಲಿ!

ಬಾಂಡ್ ಪೇಪರಿಗೆ ಹೆದರಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಒಟ್ಟು ಮೊತ್ತಕ್ಕೆ ರಾಜಿ ಮಾಡಿಕೊಂಡರೂ ಅದನ್ನು ಪರಿಹಾರ ತೀರ್ಮಾನಿಸುವ ಸಕ್ಷಮ ಅಧಿಕಾರಿಯಲ್ಲಿ ನೋಂದಾಯಿಸಬೇಕು. ಹೆಚ್ಚೆಂದರೆ ಆ 20,000ವನ್ನು ಒಟ್ಟು ಹಣದಲ್ಲಿ ಕಳೆದಾರು, ಅಷ್ಟೇ. ಓದು ಬರದವರ ಕೈಯಲ್ಲಿ ಹೀಗೆ ಸಹಿ ಹಾಕಿಸುವುದು ನನಗಂತೂ ತುಂಬಾ ನೋವಿನ ವಿಷಯ.

‘ಹುಷಾರಾಗಿರಲಿಲ್ಲ’ ಅನ್ನುವುದೂ ನಡೆಯಲ್ಲ. ಕುಡಿದಿದ್ದರೆ, ಬೇಕೆಂದೇ ಸುರಕ್ಷತೆಯ ನಿಯಮ ಮುರಿದಿದ್ದರೆ ಮಾತು ಬೇರೆ. ಒಂದು ಕ್ಷಣ ಗಮನ ತಪ್ಪಿದ್ದು ಪರಿಹಾರ ತಪ್ಪಿಸಲು ಕಾರಣವಾಗದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆ ಆದಾಗಲಂತೂ ಕುಡಿತದ ನೆಪವೂ ನಿಲ್ಲದು.

ಮೀನುಗಾರರ ಅಪಘಾತ ವಿಮೆಯೇ ಬೇರೆ, ಇದೇ ಬೇರೆ. ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯ ಆ ವಿಮೆಯಲ್ಲಿ ಶಾಶ್ವತ ಭಾಗಶಃ ಅಂಗವಿಕಲತೆಗೆ 2.5 ಲಕ್ಷದವರೆಗೆ ಇದೆ. ನಿಮ್ಮವರ ಹೆಸರು ಅದರಲ್ಲಿದ್ದರೆ ಮೀನುಗಾರಿಕೆ ಇಲಾಖೆಯಲ್ಲಿ ಅದಕ್ಕೂ ಅರ್ಜಿ ಕೊಡಿ.

ನೇಮಕದ ಕಾಗದ ಎಷ್ಟು ಕಲಾಸಿಗಳ ಹತ್ತಿರ ಇದೆ ಹೇಳಿ? ಫೋನ್‌ಪೇಯಲ್ಲಿ ಬಂದ ಸಂಬಳ, ಆಸ್ಪತ್ರೆಯಲ್ಲಿ ಬರೆದುಕೊಂಡ ಗಾಯದ ಕಾರಣ, ಅಂದು ಬೋಟ್ ನಡೆಸುತ್ತಿದ್ದ ತಾಂಡೇಲನ ಹೇಳಿಕೆ – ಇವೆಲ್ಲ ಸಾಕ್ಷಿಯೇ. ಜೂನ್, ಜುಲೈ ಮೀನುಗಾರಿಕೆ ನಿಷೇಧ ಬಂತೆಂದರೆ ಹೊರರಾಜ್ಯದ ಕಲಾಸಿಗಳು ಊರಿಗೆ ಹೋಗಿಬಿಡುತ್ತಾರೆ. ಅದಕ್ಕೂ ಮೊದಲೇ ಅವರ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಳ್ಳಿ.

ಅಪಘಾತವಾಗಿ ಎರಡು ವರ್ಷದೊಳಗೆ ಆ ಸಕ್ಷಮ ಅಧಿಕಾರಿಗೆ ಪರಿಹಾರದ ಅರ್ಜಿ ಹಾಕಬೇಕು. ಆದರೂ ತಡ ಮಾಡಬೇಡಿ. ಈ ವಾರವೇ ಮಾಲೀಕರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಬೋಟಿನ ವಿಮೆಯಲ್ಲಿ ಕಲಾಸಿಗಳ ಹೊಣೆಯೂ ಸೇರಿದೆಯೇ ಕೇಳಿ. ಸೇರಿದ್ದರೆ ಹಣ ಕೊಡುವುದು ವಿಮಾ ಕಂಪನಿ, ಮಾಲೀಕರ ಜೊತೆ ಜಗಳವೂ ಕಡಿಮೆ. ವಕೀಲರ ಫೀಸಿನ ಚಿಂತೆಯಿದ್ದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆದಾಯ ಕಡಿಮೆ ಇರುವವರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಬಾಂಡ್ ಪೇಪರಿನ ನಕಲು ಸಿಕ್ಕರೆ ಅದನ್ನೂ ಒಯ್ಯಿರಿ.